ಬಸುರಲ್ಲಿ ಸಿಫಿಲಿಸ್ ಟೆಸ್ಟ್: ಮಾಡ್ಸೋದು ಯಾವಾಗ, ರಿಪೋರ್ಟ್ ಓದೋದು ಹೇಗೆ, ಪಾಸಿಟಿವ್ ಬಂದ್ರೆ ಮುಂದೇನು

ಮೊದಲ್ನೇ ಚೆಕಪ್‌ಗೆ ಹೋದಾಗ ಹಿಮೋಗ್ಲೋಬಿನ್, ಶುಗರ್, ಬ್ಲಡ್ ಗ್ರೂಪ್, ಎಚ್‌ಐವಿ ಅಂತ ಉದ್ದದ ಪಟ್ಟಿ ಬರ್ಕೊಡ್ತಾರಲ್ಲ, ಅದರ ಮಧ್ಯೆ ಎಲ್ಲೋ ವಿಡಿಆರ್‌ಎಲ್ ಅಂತಲೋ ಆರ್‌ಪಿಆರ್ ಅಂತಲೋ ಒಂದು ಸಾಲು ಇರುತ್ತೆ. ತುಂಬಾ ಜನ ಅದೇನು ಅಂತ ಕೇಳೋದೇ ಇಲ್ಲ. ಅದೇ ಸಿಫಿಲಿಸ್ ಟೆಸ್ಟ್, ಸಿಫಿಲಿಸ್ ಅಂದ್ರೆ ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಅಂಟೋ ಒಂದು ಬ್ಯಾಕ್ಟೀರಿಯಾ ರೋಗ. ಪಟ್ಟಿಲಿ ಇಲ್ದಿದ್ರೆ ನೀವೇ ಬಾಯ್ಬಿಟ್ಟು ಕೇಳಿ, "ಸಿಫಿಲಿಸ್‌ದೂ ಸೇರ್ಸಿ ಡಾಕ್ಟ್ರೇ" ಅಂದ್ರೆ ಯಾರೂ ತಪ್ಪು ತಿಳ್ಕೊಳಲ್ಲ, ಬಸುರಿ ಆದವರಿಗೆಲ್ಲ ಮಾಡ್ಬೇಕಾದ ಟೆಸ್ಟೇ ಅದು, ನಿಮ್ಮ ನಡತೆ ಮೇಲೆ ಯಾರೂ ಅನುಮಾನ ಪಡ್ತಿದಾರೆ ಅಂತ ಅಲ್ಲ.

ಯಾಕಿಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿನ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ ಸುಮಾರು 11 ಲಕ್ಷ ಗರ್ಭಿಣಿಯರಿಗೆ ಸಿಫಿಲಿಸ್ ಇತ್ತು, ಅದರಿಂದ 3.9 ಲಕ್ಷಕ್ಕೂ ಹೆಚ್ಚು ಬಸುರುಗಳಲ್ಲಿ ಏನಾದ್ರೂ ಒಂದು ಅನಾಹುತ ಆಯ್ತು, ಅಂದ್ರೆ ಹೊಟ್ಟೇಲೇ ಮಗು ಹೋಗೋದು, ದಿನ ತುಂಬೋ ಮುಂಚೆ ಹೆರಿಗೆ ಆಗೋದು, ಹುಟ್ಟಿ ಕೆಲವೇ ದಿನಕ್ಕೆ ತೀರ್ಕೊಳ್ಳೋದು, ಇಲ್ಲಾ ಮಗು ರೋಗ ಹೊತ್ಕೊಂಡೇ ಹುಟ್ಟೋದು. ಬೇಜಾರಾಗೋದು ಏನಂದ್ರೆ ಇದಕ್ಕೆ 1940ರ ದಶಕದಿಂದಲೂ ಪೆನಿಸಿಲಿನ್ ಇದೆ, ಇವತ್ತಿಗೂ ಆ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಬಗ್ಗೇ ಬಗ್ಗುತ್ತೆ. ಔಷಧಿ ಇಲ್ದೆ ಕೆಟ್ಟಿದ್ದಲ್ಲ, ಟೆಸ್ಟಿಗೂ ಸೂಜಿಗೂ ನಡುವೆ ದಿನ ಕಳ್ಕೊಂಡು ಕೆಟ್ಟಿದ್ದು. ಅಮೆರಿಕದಂಥ ದೇಶದಲ್ಲೇ 2022ರಲ್ಲಿ 3,700ಕ್ಕೂ ಹೆಚ್ಚು ಮಕ್ಕಳು ಈ ರೋಗದ ಜೊತೆ ಹುಟ್ಟಿದ್ವು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೇಸಲ್ಲಿ ತಾಯಿಗೆ ಬಸುರಲ್ಲಿದ್ದಾಗಲೇ ಪಾಸಿಟಿವ್ ಬಂದಿತ್ತು, ಆದ್ರೆ ಚಿಕಿತ್ಸೆ ಸರಿಯಾಗಿ ಆಗಿರ್ಲಿಲ್ಲ ಇಲ್ಲಾ ತಡವಾಗಿ ಆಗಿತ್ತು. ಕ್ಯೂಬಾ ನೋಡಿ, ತಾಯಿಂದ ಮಗುಗೆ ಎಚ್‌ಐವಿ ಮತ್ತು ಸಿಫಿಲಿಸ್ ಎರಡೂ ಹರಡೋದನ್ನ ನಿಲ್ಲಿಸಿದ ಮೊದಲ ದೇಶ ಅಂತ 2015ರಲ್ಲೇ ಮಾನ್ಯತೆ ಪಡೀತು, ಹೊಸ ಔಷಧಿ ಏನೂ ಕಂಡುಹಿಡಿದಿದ್ದಲ್ಲ, ಇರೋ ಟೆಸ್ಟು ಇರೋ ಸೂಜೀನೇ ಬಿಡದೆ ಎಲ್ಲರಿಗೂ ಮುಟ್ಟಿಸಿದ್ದು ಅಷ್ಟೇ.

"ನಂಗೇನೂ ಆಗಿಲ್ವಲ್ಲ" ಅನ್ನೋ ಮಾತು ಇಲ್ಲಿ ನಡೆಯಲ್ಲ. ಮೊದಲು ಬರೋದು ಒಂದು ನೋವಿಲ್ಲದ ಹುಣ್ಣು, ಸೋಂಕು ತಗುಲಿ ಸುಮಾರು 3 ವಾರಕ್ಕೆ, ಹೆಂಗಸರಲ್ಲಿ ಅದು ಒಳಗಡೆ ಆಗಿದ್ರೆ ಕಣ್ಣಿಗೇ ಬೀಳಲ್ಲ, ಮೂರರಿಂದ ಆರು ವಾರದಲ್ಲಿ ತಾನಾಗೇ ಮಾಯ. ಆಮೇಲೆ ಕೆಲವರಿಗೆ ಅಂಗೈ ಅಂಗಾಲಲ್ಲೆಲ್ಲ ತುರಿಕೆ ಇಲ್ಲದ ಕಲೆ, ಸಣ್ಣ ಜ್ವರ, ಸುಸ್ತು, ಕೂದ್ಲು ಉದುರೋದು, ಬಸುರಲ್ಲಿ ಇದೆಲ್ಲ ಇದ್ದದ್ದೇ ಅಂತ ಮನೇಲಿ ಯಾರೋ ಹೇಳ್ತಾರೆ, ಅಲ್ಲಿಗೆ ಮುಗೀತು. ಅದಾದ್ಮೇಲೆ ವರ್ಷಗಟ್ಲೆ ಏನೂ ಗೊತ್ತಾಗಲ್ಲ, ಆದ್ರೆ ಹಂಗೆ ಸುಮ್ನಿರೋ ಹಂತದಲ್ಲೂ ಅದು ಮಾಸು ದಾಟಿ ಮಗುಗೆ ಹೋಗುತ್ತೆ.

ಟೆಸ್ಟ್ ಯಾವಾಗ ಅಂದ್ರೆ, ಬಸುರು ಅಂತ ಗೊತ್ತಾದ ಮೊದಲ ಭೇಟೀಲೇ, ಮೂರು ತಿಂಗಳೊಳಗೆ ಆದ್ರೆ ಬಹಳ ಒಳ್ಳೇದು. ಒಂದ್ಸಲ ನೆಗೆಟಿವ್ ಬಂತು ಅಂತ ಕೂರ್ಬೇಡಿ, 28ನೇ ವಾರದ ಹತ್ರ ಇನ್ನೊಂದ್ಸಲ, ಹೆರಿಗೆ ಟೈಮಲ್ಲಿ ಮತ್ತೊಂದ್ಸಲ ಮಾಡ್ಸಿ, ಯಾಕಂದ್ರೆ ನಾಕನೇ ತಿಂಗಳಲ್ಲೋ ಏಳನೇ ತಿಂಗಳಲ್ಲೋ ಹೊಸದಾಗಿ ತಗುಲಬಹುದು, ಹಂಗೆ ಹೊಸದಾಗಿ ತಗುಲಿದ್ದೇ ಮಗುಗೆ ಹೋಗೋ ಚಾನ್ಸ್ ಜಾಸ್ತಿ. ತಡವಾಗಿ ಚೆಕಪ್‌ಗೆ ಬಂದವರು, ನೇರ ಹೆರಿಗೆ ನೋವಲ್ಲೇ ಬಂದವರು ಆದ್ರೆ ರ‍್ಯಾಪಿಡ್ ಟೆಸ್ಟ್ ಇದ್ಯಾ ಕೇಳಿ, ಬೆರಳು ತುದಿಗೆ ಚುಚ್ಚಿ ಒಂದು ಹನಿ ರಕ್ತ, ಸುಮಾರು 20 ನಿಮಿಷದಲ್ಲಿ ಗೆರೆ ಮೂಡುತ್ತೆ, ಎಚ್‌ಐವಿ ಮತ್ತು ಸಿಫಿಲಿಸ್ ಎರಡನ್ನೂ ಒಂದೇ ಪಟ್ಟಿಲಿ ನೋಡೋ ಕಿಟ್ಟೂ ಇದೆ.

ಈಗ ರಿಪೋರ್ಟ್. ಇಲ್ಲೇ ಜನ ಜಾಸ್ತಿ ಗಾಬರಿ ಬೀಳೋದು, ಹಂಗಾಗಿ ನಿಧಾನಕ್ಕೆ ಓದಿ. ಟೆಸ್ಟಲ್ಲಿ ಎರಡು ಜಾತಿ. ವಿಡಿಆರ್‌ಎಲ್, ಆರ್‌ಪಿಆರ್ ಒಂದು ಜಾತಿ, ಇವು ರೋಗ ಈಗ ಎಷ್ಟು ಚುರುಕಾಗಿದೆ ಅಂತ ಅಂದಾಜು ಕೊಡ್ತವೆ. ಟಿಪಿಎಚ್‌ಎ ಮತ್ತೆ ಬಹುಪಾಲು ರ‍್ಯಾಪಿಡ್ ಕಿಟ್ಟು ಇನ್ನೊಂದು ಜಾತಿ, ಇವು ಈ ರೋಗ ಯಾವತ್ತಾದ್ರೂ ಬಂದಿತ್ತಾ ಅಂತ ಹೇಳ್ತವೆ, ವಾಸಿ ಆದ್ಮೇಲೂ ಸಾಮಾನ್ಯವಾಗಿ ಜೀವನ ಪೂರ್ತಿ ಪಾಸಿಟಿವ್ ಆಗೇ ಇರ್ತವೆ. ಅದಕ್ಕೇ ಹಿಂದೆ ಚಿಕಿತ್ಸೆ ತಗೊಂಡಿದ್ರೆ ಆ ಚೀಟಿ, ಆಗಿನ ರಿಪೋರ್ಟು ಎಲ್ಲ ಜೋಪಾನ ಮಾಡಿಟ್ಕೊಳ್ಳಿ, ಇಲ್ದಿದ್ರೆ ಪ್ರತಿ ಬಸುರಲ್ಲೂ ಮೊದಲಿಂದ ವಿಚಾರಣೆ.

ಆರ್‌ಪಿಆರ್ ಪಕ್ಕದಲ್ಲಿ 1:8, 1:32 ಅಂತ ಬರ್ದಿರ್ತಾರೆ, ಅದಕ್ಕೆ ಟೈಟರ್ ಅಂತಾರೆ. ರಕ್ತದ ತಿಳಿ ಭಾಗವಾದ ಸೀರಮ್‌ನ ಅರ್ಧಕ್ಕರ್ಧ ತೆಳು ಮಾಡ್ತಾ ಮಾಡ್ತಾ ಹೋಗ್ತಾರೆ, ಎಲ್ಲಿವರೆಗೂ ರಿಯಾಕ್ಷನ್ ಕಾಣುತ್ತೋ ಅದೇ ನಂಬರ್. ಹಂಗಾಗಿ ಬಲಗಡೆ ನಂಬರ್ ದೊಡ್ಡದಿದ್ದಷ್ಟೂ ರೋಗ ಚುರುಕು. ಇದು ಒಂದೊಂದಾಗಿ ಇಳಿಯೋ ಲೆಕ್ಕ ಅಲ್ಲ, 32, 16, 8, 4 ಹೀಗೆ ಅರ್ಧರ್ಧ ಇಳಿಯುತ್ತೆ, ಎರಡು ಮೆಟ್ಟಿಲು ಇಳಿದ್ರೆ, ಅಂದ್ರೆ 1:32 ಇದ್ದಿದ್ದು 1:8 ಆದ್ರೆ, ಚಿಕಿತ್ಸೆ ಕೆಲಸ ಮಾಡಿದೆ ಅಂತ ಅರ್ಥ. ಒಂದೇ ಮೆಟ್ಟಿಲು ವ್ಯತ್ಯಾಸ ಬಂದ್ರೆ ಅದಕ್ಕೆ ಖುಷಿನೂ ಬೇಡ ಗಾಬರಿನೂ ಬೇಡ, ಲ್ಯಾಬಲ್ಲಿ ಅಷ್ಟು ಹೆಚ್ಚುಕಮ್ಮಿ ಆಗುತ್ತೆ. ಆದಷ್ಟು ಒಂದೇ ಲ್ಯಾಬಲ್ಲಿ ಒಂದೇ ಟೆಸ್ಟ್ ಮಾಡ್ಸಿ, ಒಂದ್ಸಲ ವಿಡಿಆರ್‌ಎಲ್ ಇನ್ನೊಂದ್ಸಲ ಆರ್‌ಪಿಆರ್ ಮಾಡಿಸಿ ನಂಬರ್ ಹೋಲಿಸೋಕೆ ಹೋದ್ರೆ ತಾಳೆ ಆಗಲ್ಲ.

ಇನ್ನೊಂದು ವಿಷ್ಯ, ವಿಡಿಆರ್‌ಎಲ್ ಸುಳ್ಳು ಪಾಸಿಟಿವ್ ಕೂಡ ತೋರ್ಸುತ್ತೆ. ಬಸುರಿಂದಲೇ ಬರಬಹುದು, ಲೂಪಸ್ ಥರದ, ಮೈಯ ರೋಗನಿರೋಧಕ ಶಕ್ತಿ ತನ್ನ ಮೈ ಮೇಲೇ ತಿರುಗಿ ಬೀಳೋ ಕಾಯಿಲೆಯಿಂದ ಬರಬಹುದು, ಅಂಥದ್ರಲ್ಲಿ ಟೈಟರ್ ಸಾಮಾನ್ಯವಾಗಿ ಕಮ್ಮಿ ಇರುತ್ತೆ. ಅದಕ್ಕೇ ಎರಡನೇ ಜಾತಿ ಟೆಸ್ಟಲ್ಲಿ ಖಚಿತ ಮಾಡ್ಕೋತಾರೆ, ಅದು ಬರೋ ಮುಂಚೆ ಮನೇಲಿ ಗಂಡ ಹೆಂಡ್ತಿ ಜಗಳ ಶುರು ಹಚ್ಕೋಬೇಡಿ. ಹಾಗಂತ ಖಚಿತ ಆಗ್ಲಿ ಅಂತ ವಾರಗಟ್ಲೆ ಕಾಯೋದೂ ತಪ್ಪು. ದೂರದಿಂದ ಬಂದಿದೀರಾ, ಮತ್ತೆ ಬರೋಕೆ ಆಗುತ್ತೋ ಇಲ್ವೋ ಅನ್ನೋ ಹಂಗಿದ್ರೆ ಅವತ್ತೇ ಮೊದಲ ಡೋಸ್ ಕೊಡ್ತಾರಾ ಅಂತ ಕೇಳಿ. ರೋಗ ಇಲ್ದೆ ಒಂದು ಪೆನಿಸಿಲಿನ್ ಸೂಜಿ ಬಿದ್ರೆ ಅಲರ್ಜಿ ಇಲ್ಲದವರಿಗೆ ಅಂಥಾ ನಷ್ಟ ಏನಿಲ್ಲ, ರೋಗ ಇದ್ದು ಸೂಜಿ ಬೀಳ್ದಿದ್ರೆ ನಷ್ಟ ಮಗೂದು.

ಔಷಧಿ ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್, ಸೊಂಟದ ಕೆಳಗೆ ಕುಂಡಿಗೆ ಕೊಡೋ ಇಂಜೆಕ್ಷನ್. ಬಿಳೀ, ಮಂದವಾದ ದ್ರವ, ದಪ್ಪ ಸೂಜಿ, ನಿಧಾನಕ್ಕೆ ತಳ್ತಾರೆ, ಎರಡೂ ಕಡೆಗೆ ಅರ್ಧರ್ಧ ಹಾಕೋದೂ ಇದೆ. ನೋವಾಗಲ್ಲ ಅಂತ ಸುಳ್ಳು ಹೇಳಲ್ಲ, ಚೆನ್ನಾಗೇ ನೋಯುತ್ತೆ, ಒಂದೆರಡು ದಿನ ಕೂರೋದು ಕಷ್ಟ. ರೋಗ ಹೊಸದು ಅಂತ ಗೊತ್ತಿದ್ರೆ ಒಂದು ಡೋಸ್, ಹಳೇದಾದ್ರೆ ಅಥವಾ ಯಾವಾಗ ಬಂತು ಅಂತಲೇ ಗೊತ್ತಿಲ್ದಿದ್ರೆ ವಾರಕ್ಕೊಂದರಂತೆ ಮೂರು, ಯಾವುದು ಅಂತ ಡಾಕ್ಟ್ರೇ ತೀರ್ಮಾನ ಮಾಡ್ಬೇಕು. ಮೂರರ ಕೋರ್ಸ್ ಆದ್ರೆ ತಾರೀಕು ಫೋನಲ್ಲಿ ಅಲಾರಂ ಹಾಕಿಟ್ಕೊಳ್ಳಿ, ಬಸುರಿಯರಲ್ಲಿ ಎರಡು ಡೋಸ್ ನಡುವೆ 9 ದಿನ ದಾಟಿದ್ರೆ ಮತ್ತೆ ಒಂದನೇ ಡೋಸಿಂದ ಶುರು ಮಾಡ್ಬೇಕು ಅಂತ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಮಾರ್ಗಸೂಚಿಲೇ ಇದೆ. ಆ ನೋವು ಇನ್ನೊಂದ್ಸಲ ಯಾರಿಗೆ ಬೇಕು ಹೇಳಿ.

ಸೂಜಿ ಬಿದ್ದ ಮೊದಲ 24 ಗಂಟೇಲಿ ಜ್ವರ, ಚಳಿ, ಮೈಕೈ ನೋವು, ತಲೆನೋವು ಬರಬಹುದು, ಸಾಯ್ತಿರೋ ಬ್ಯಾಕ್ಟೀರಿಯಾ ಮೇಲೆ ಮೈ ತೋರ್ಸೋ ರಿಯಾಕ್ಷನ್ ಅದು, ಅಲರ್ಜಿ ಅಲ್ಲ, ಇಷ್ಟಕ್ಕೆ ಹೆದರಿ ಮುಂದಿನ ಡೋಸ್ ಬಿಡಬೇಡಿ. ಆದ್ರೆ ಐದು ತಿಂಗಳು ದಾಟಿದ್ದು ಹೊಟ್ಟೆ ಬಿಗಿ ಹಿಡಿಯೋದು, ನೋವು ಬಂದು ಬಂದು ಹೋಗೋದು, ಮಗು ಒದೆಯೋದು ಕಮ್ಮಿ ಆಗೋದು ಕಂಡ್ರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಪೆನಿಸಿಲಿನ್ ಅಲರ್ಜಿ ಇದ್ರೆ? ಬಸುರಿ ಅಲ್ಲದವರಿಗೆ ಬೇರೆ ಮಾತ್ರೆ ಇದೆ, ಡಾಕ್ಸಿಸೈಕ್ಲಿನ್ ಅಂತ, ಬಸುರಲ್ಲಿ ಅದನ್ನ ಕೊಡಲ್ಲ. ಎರಿಥ್ರೋಮೈಸಿನ್, ಅಜಿಥ್ರೋಮೈಸಿನ್ ನಂಬ್ಕೊಂಡ್ರೆ ಹೊಟ್ಟೇಲಿರೋ ಮಗೂದು ವಾಸಿ ಆಗುತ್ತೆ ಅನ್ನೋ ಭರವಸೆ ಇಲ್ಲ. ಹಂಗಾಗಿ ನಿಜವಾದ ಅಲರ್ಜಿ ಇದ್ಯಾ ಅಂತ ಮೊದಲು ಪರೀಕ್ಷೆ ಮಾಡಿ, ಇದ್ರೆ ಆಸ್ಪತ್ರೇಲಿ ಅಡ್ಮಿಟ್ ಮಾಡ್ಕೊಂಡು ಚೂರುಚೂರೇ ಪೆನಿಸಿಲಿನ್ ಕೊಟ್ಟು ಮೈಗೆ ಒಗ್ಗಿಸಿ ಆಮೇಲೆ ಪೂರ್ತಿ ಡೋಸ್ ಕೊಡ್ತಾರೆ. ಮೆಡಿಕಲ್ ಶಾಪಲ್ಲಿ ಕೇಳಿ ಮಾತ್ರೆ ನುಂಗೋ ಕಾಯಿಲೆ ಖಂಡಿತ ಅಲ್ಲ.

ಗಂಡನ ವಿಷ್ಯಕ್ಕೆ ಬರೋಣ, ಎಲ್ಲ ಮಾಡಿ ಕೊನೆಗೆ ಎಡವೋದು ಇಲ್ಲೇ. ನಿಮಗೆ ಚಿಕಿತ್ಸೆ ಆಗಿ ಅವರಿಗೆ ಆಗ್ಲಿಲ್ಲ ಅಂದ್ರೆ ವಾಪಸ್ ನಿಮಗೇ ಅಂಟುತ್ತೆ, ಬಸುರಲ್ಲೇ ಎರಡನೇ ಸಲ. ಹೇಳೋದು ಕಷ್ಟ ಅನ್ಸಿದ್ರೆ ಚೆಕಪ್‌ಗೆ ಜೊತೇಲಿ ಕರ್ಕೊಂಡೋಗಿ, ಡಾಕ್ಟ್ರ ಬಾಯಿಂದಲೇ ಹೇಳ್ಸಿ, "ಮಗೂಗೋಸ್ಕರ ಇಬ್ರೂ ಟೆಸ್ಟ್ ಮಾಡ್ಸೋಣ" ಅಂತ ಶುರು ಮಾಡಿದ್ರೆ ಯಾರು ಯಾರಿಗೆ ತಂದ್ರು ಅನ್ನೋ ಪಂಚಾಯ್ತಿ ಸ್ವಲ್ಪ ತಪ್ಪುತ್ತೆ. ಹಳೇ ಸೋಂಕಾದ್ರೆ ಮದುವೆಗೆ ಮುಂಚಿಂದೂ ಇರಬಹುದು, ರಕ್ತ ನೋಡಿ ಯಾರಿಂದ ಬಂತು ಅಂತ ಹೇಳೋಕೆ ಬರಲ್ಲ. ಹೊಡೀತಾರೆ ಅನ್ನೋ ಭಯ ಇದ್ರೆ ಮೊದಲು ನರ್ಸ್ ಹತ್ರ ಗುಟ್ಟಾಗಿ ಹೇಳಿ. ನಿಮ್ಮ ಸೋಂಕು ಹೊಸದಾಗಿದ್ದು ಕಳೆದ 90 ದಿನದಲ್ಲಿ ಸಂಪರ್ಕ ಆಗಿದ್ರೆ ಗಂಡನ ರಿಪೋರ್ಟ್ ನೆಗೆಟಿವ್ ಇದ್ರೂ ಚಿಕಿತ್ಸೆ ಕೊಡ್ತಾರೆ. ಇಬ್ಬರ ಕೋರ್ಸೂ ಮುಗಿದು, ಹುಣ್ಣಿದ್ರೆ ಅದು ಪೂರ್ತಿ ಮಾಯೋವರೆಗೂ ದೂರ ಇರಿ.

ಚಿಕಿತ್ಸೆ ಹೆರಿಗೆಗೆ ಕಮ್ಮಿ ಅಂದ್ರೂ 4 ವಾರ ಮುಂಚೆ ಶುರು ಆಗಿದ್ರೆ ಮಗೂಗೆ ಭದ್ರ. ಅದಕ್ಕಿಂತ ತಡ ಆಗಿದ್ರೂ ಸೂಜಿ ಹಾಕಿಸ್ಕೊಳ್ಳಿ, ಆದ್ರೆ ಹುಟ್ಟಿದ ಮಗೂಗೂ ಚಿಕಿತ್ಸೆ ಬೇಕಾಗಬಹುದು, ಸಾಮಾನ್ಯವಾಗಿ 10 ದಿನದ ಪೆನಿಸಿಲಿನ್. ಹೆರಿಗೆ ಬೇರೆ ಆಸ್ಪತ್ರೇಲಿ ಆದ್ರೆ ನಿಮ್ಮ ಟೈಟರ್, ಯಾವ್ಯಾವ ತಾರೀಕು ಡೋಸ್ ಬಿತ್ತು ಅನ್ನೋ ಚೀಟಿ ಬ್ಯಾಗಲ್ಲೇ ಇರ್ಲಿ, ಮಕ್ಕಳ ಡಾಕ್ಟ್ರು ಮೊದಲು ಕೇಳೋದೇ ಅದನ್ನ. ಮಗೂದು ಟೆಸ್ಟ್ ಮಗು ರಕ್ತದಲ್ಲೇ ಮಾಡ್ಬೇಕು, ಹೊಕ್ಕುಳಬಳ್ಳಿ ರಕ್ತದಲ್ಲಿ ತಾಯಿದೂ ಬೆರೆತು ತಪ್ಪು ಬರುತ್ತೆ. ಹುಟ್ಟಿದಾಗ ಮಗು ಮುದ್ದುಮುದ್ದಾಗಿ ಏನೂ ತೊಂದ್ರೆ ಇಲ್ದೆ ಕಾಣಬಹುದು, ವಾರಗಳು ಕಳೆದ್ಮೇಲೆ ನಿಲ್ಲದ ಮೂಗು ಸೋರಿಕೆ, ಅಂಗೈ ಅಂಗಾಲಲ್ಲಿ ಕಲೆ, ಕಾಮಾಲೆ, ಕೈಕಾಲು ಮುಟ್ಟಿದ್ರೆ ಅಳೋದು ಶುರು ಆಗುತ್ತೆ, ಬಿಟ್ರೆ ವರ್ಷಗಳ ಮೇಲೆ ಕಿವಿ, ಕಣ್ಣು, ಹಲ್ಲಿಗೆ ಬರುತ್ತೆ. ಅದಕ್ಕೇ ಎರಡು ಮೂರು ತಿಂಗಳಿಗೊಮ್ಮೆ ಟೆಸ್ಟ್ ನೆಗೆಟಿವ್ ಆಗೋವರೆಗೂ ತೋರಿಸ್ತಾ ಇರ್ಬೇಕು. ಮೊಲೆ ಮೇಲೆ ಹುಣ್ಣಿಲ್ಲ ಅಂದ್ರೆ ಹಾಲು ಧಾರಾಳವಾಗಿ ಕುಡಿಸಬಹುದು.

ಮುಂದಿನ ಬಸುರಲ್ಲಿ ಮತ್ತೆ ಟೆಸ್ಟ್ ಮಾಡ್ಸಿ. ಒಂದ್ಸಲ ಬಂದು ವಾಸಿ ಆದವರಿಗೆ ಮತ್ತೆ ಬರಲ್ಲ ಅನ್ನೋದು ಸುಳ್ಳು, ಈ ರೋಗಕ್ಕೆ ಲಸಿಕೆನೂ ಇಲ್ಲ.