ಒದ್ದೆ ಕೈಯಲ್ಲಿ ಈಪರ್ಬ್ ಮುಟ್ಟಿದ ದಿನ

ಸರಕು ಹಡಗಿಗೆ ಥರ್ಡ್ ಆಫೀಸರ್ ಆಗಿ ಸೇರಿ ಒಂದು ತಿಂಗಳಾಗಿತ್ತು. ಇಪಿಐಆರ್‌ಬಿ ನೋಡಿಕೊಳ್ಳುವ ಕೆಲಸ ನನ್ನದು. ನಾವು ಬಾಯಲ್ಲಿ ಈಪರ್ಬ್ ಅಂತೀವಿ. ಹಡಗು ಮುಳುಗಿದರೆ ತಾನೇ ಕಳಚಿಕೊಂಡು ತೇಲಿ, 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸುದ್ದಿ ಕಳಿಸುವ ಹಳದಿ ಡಬ್ಬಿ ಅದು, ಒಂದು ಬಗೆಯ ಬೀಕನ್. ಹಡಗು ನಡೆಸುವ ಕೋಣೆ, ಅಂದರೆ ಬ್ರಿಜ್‌ನ ಮೇಲಿನ ಬಯಲು ಡೆಕ್‌ನಲ್ಲಿ ಇರುತ್ತದೆ.

ಅವತ್ತು ಜಿಟಿಜಿಟಿ ಮಳೆ. ತಿಂಗಳ ಟೆಸ್ಟ್ ಮುಗಿಸಿಬಿಡೋಣ ಅಂತ ಡಬ್ಬಿಯನ್ನು ಹೊರತೆಗೆದು ಒದ್ದೆ ಡೆಕ್ ಮೇಲೆ ಇಟ್ಟೆ. ಲೈಟ್ ಮಿನುಗತೊಡಗಿತು. ನಾನಿನ್ನೂ ಬಟನ್ ಮುಟ್ಟಿರಲೇ ಇಲ್ಲ!

ಆಮೇಲೆ ಅರ್ಥವಾಯಿತು. ಗೂಡಿನೊಳಗೆ ಇರುವಷ್ಟು ಹೊತ್ತು ಅಲ್ಲಿನ ಆಯಸ್ಕಾಂತ ನೀರಿನ ಸ್ವಿಚ್ಚನ್ನು ತಡೆದಿರುತ್ತದೆ. ಎಷ್ಟು ಮಳೆ ಬಿದ್ದರೂ ತೊಂದರೆಯಿಲ್ಲ. ಹೊರಗೆ ತೆಗೆದು ಒದ್ದೆ ಮಾಡಿದರೆ ಮಾತ್ರ, ಸಮುದ್ರಕ್ಕೆ ಬಿದ್ದೆ ಅಂತ ಅದು ತಿಳಿಯುತ್ತದೆ.

ಗಡಿಬಿಡಿಯಲ್ಲಿ ಒರೆಸಿ ಗೂಡಿಗೆ ಸೇರಿಸಿದೆ. ಲೈಟ್ ನಿಂತಿತು. ಬಾಯಿ ಮುಚ್ಚಿಕೊಂಡು ಇದ್ದುಬಿಡಲಾ ಅನ್ನಿಸಿದ್ದು ನಿಜ. ಆದರೆ ಆನ್ ಆಗಿ ಸುಮಾರು 50 ಸೆಕೆಂಡಿಗೆ ಮೊದಲ ಸಂದೇಶ ಹೊರಡುತ್ತದೆ. ನಾನು ಗಡಿಯಾರ ನೋಡಿರಲಿಲ್ಲ. ಕ್ಯಾಪ್ಟನ್‌ಗೆ ಹೇಳಿದೆ. ಅವರು ಬೈಯಲಿಲ್ಲ. ಕೂಡಲೇ ಕರಾವಳಿಯ ರಕ್ಷಣಾ ಕೇಂದ್ರಕ್ಕೆ ಫೋನ್ ಮಾಡಿ ಹಡಗಿನ ಹೆಸರು, ಇರುವ ಜಾಗ, ಬೀಕನ್‌ನ 15 ಅಕ್ಷರದ ಗುರುತು ಹೇಳಿ, ತಪ್ಪಿ ಆನ್ ಆಯಿತು ಅಂದರು. ಇಲ್ಲದಿದ್ದರೆ ನಮ್ಮನ್ನು ಹುಡುಕಿಕೊಂಡು ವಿಮಾನ ಹೊರಡಬಹುದಿತ್ತು.

ಈಗ ಬಿಸಿಲಿರುವ ದಿನವೇ ಹತ್ತುತ್ತೇನೆ, ಜೇಬಲ್ಲಿ ಒಣ ಬಟ್ಟೆ ಇರುತ್ತದೆ. ಟೆಸ್ಟ್ ಸಂದೇಶವನ್ನು ಉಪಗ್ರಹ ವ್ಯವಸ್ಥೆ ನಿಜವಾದ ಕರೆ ಅಂತ ಎಣಿಸುವುದಿಲ್ಲ. ಆದರೆ ಡಬ್ಬಿ ಜೊತೆಗೇ ಹೊರಡಿಸುವ 121.5 ಮೆಗಾಹರ್ಟ್ಸ್‌ನ ಸದ್ದು ಹತ್ತಿರದ ವಿಮಾನಗಳಿಗೆ ಕೇಳಬಹುದು. ಅದಕ್ಕೇ ಇಂಥ ಟೆಸ್ಟ್‌ಗೆ ರೂಢಿಯಲ್ಲಿರುವ, ಗಂಟೆಯ ಮೊದಲ 5 ನಿಮಿಷದೊಳಗೆ ಮುಗಿಸುತ್ತೇನೆ. ಜಾಸ್ತಿ ಸಲ ಒತ್ತುವುದಿಲ್ಲ, ಪ್ರತಿ ಟೆಸ್ಟೂ ಬ್ಯಾಟರಿ ತಿನ್ನುತ್ತದೆ. ಜಿಪಿಎಸ್ ಟೆಸ್ಟ್ ಅಂತೂ ಇನ್ನೂ ಅಪರೂಪ.

ಬಟನ್‌ಗಿಂತ ಹೆಚ್ಚು ಹೊತ್ತು ನಾನು ನೋಡುವುದು ತಾರೀಕುಗಳನ್ನು. ನಮ್ಮದರ ಬ್ಯಾಟರಿಗೆ 5 ವರ್ಷ. ನೀರಿನ ಒತ್ತಡಕ್ಕೆ ಬಿಚ್ಚಿಕೊಳ್ಳುವ ಹೈಡ್ರೋಸ್ಟಾಟಿಕ್ ಯೂನಿಟ್‌ಗೆ 2 ವರ್ಷ. 4 ಮೀಟರ್ ಆಳ ಮುಟ್ಟುವುದರೊಳಗೆ ಅದರ ಚಾಕು ಗೂಡಿನ ಮುಚ್ಚಳ ಹಿಡಿದ ಬೋಲ್ಟ್ ಕತ್ತರಿಸಬೇಕು. ನೋಂದಣಿಯನ್ನೂ ನೋಡಬೇಕು. ಹಳೇ ಮಾಲೀಕರ ಫೋನ್ ನಂಬರ್ ಇದ್ದರೆ ಏನು ಪ್ರಯೋಜನ, ಅಲ್ವಾ? ಅಂದಹಾಗೆ, ಭಾರತದ ಬೀಕನ್‌ಗಳ ದಾಖಲೆ ಇರುವುದು ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ, ಸಮುದ್ರವೇ ಇಲ್ಲದ ಊರಲ್ಲಿ.

ಒಮ್ಮೆ ನೋಡಿದರೆ ಈಪರ್ಬ್‌ನ ಹಗ್ಗವನ್ನು ರೇಲಿಂಗ್‌ಗೆ ಬಿಗಿಯಾಗಿ ಕಟ್ಟಿತ್ತು. ಡೆಕ್ ಸಿಬ್ಬಂದಿಯ ಮೇಸ್ತ್ರಿ, ಅಂದರೆ ಬೋಸನ್ ಕೆಲಸ. "ಗಾಳಿಗೆ ಹಾರಬಾರದಲ್ಲ ಸಾಬ್" ಅಂದರು. ಹಡಗಿನ ಜೊತೆ ಡಬ್ಬಿಯೂ ತಳ ಸೇರುತ್ತಿತ್ತು! ಆ ಹಗ್ಗ ಇರುವುದು ಲೈಫ್‌ರಾಫ್ಟ್ ಹತ್ತಿದವರು ಡಬ್ಬಿಯನ್ನು ಆ ತೆಪ್ಪಕ್ಕೆ ಕಟ್ಟಿಕೊಳ್ಳಲಿ ಅಂತ. ಬಿಚ್ಚಿಸಿ ಸುರುಳಿ ಸುತ್ತಿಟ್ಟೆವು. ಮುಂದಿನ ವಾರ ಅದೇ ಬೋಸನ್ ರೇಲಿಂಗ್ ಜೊತೆ ಗೂಡಿಗೂ ಬಣ್ಣ ಬಳಿಯಲು ಹೊರಟಿದ್ದರು. ಬಣ್ಣ ಅಂಟಿದರೆ ಮುಚ್ಚಳ ತೆರೆಯುತ್ತಾ? ಅಂದಿನಿಂದ ಅವರು ಬ್ರಷ್ ಹಿಡಿದು ಮೇಲೆ ಹತ್ತಿದರೆ, ನಾನೂ ಹಿಂದೆಯೇ ಹತ್ತುತ್ತೇನೆ.