ಯಾವ ಪಕ್ಷ ಎಂದು ಕೇಳುವುದನ್ನು ಬಿಟ್ಟ ಮೇಲೆ: ಒಬ್ಬ ಸಮೀಕ್ಷಕನ ಅನುಭವ

2024ರ ಲೋಕಸಭಾ ಫಲಿತಾಂಶ ಬಂದ ವಾರದಲ್ಲಿ, ಮತದಾರರು ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಪಕ್ಷ ಬದಲಿಸುವುದರ ಬಗ್ಗೆ ನಾನು ಹಾಕಿದ್ದ ಲೆಕ್ಕ ಕಂಡು ನಕ್ಕಿದ್ದ ಇಬ್ಬರು ಹಳೆಯ ಸಹೋದ್ಯೋಗಿಗಳು ತಾವಾಗಿಯೇ ಕರೆ ಮಾಡಿ ನನ್ನ ಸಮೀಕ್ಷೆಯ ಫಾರಂ ಕೇಳಿದರು. ಕಳುಹಿಸಿಕೊಟ್ಟೆ. ಆದರೆ ಕೆಲಸ ಮಾಡಿದ್ದು ಫಾರಂ ಒಂದೇ ಅಲ್ಲವಾದ್ದರಿಂದ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೂತ್ ಆರಿಸುವುದು, ಪಟ್ಟಿಯಿಂದ ಹೆಸರು ಎತ್ತುವುದು ಮುಂತಾದವು ಈ ಕಸುಬಿನವರಿಗೆ ಗೊತ್ತೇ ಇರುತ್ತವೆ, ಅವನ್ನು ಬಿಟ್ಟಿದ್ದೇನೆ.

ಮೊದಲು 2019ರ ಸೋಲನ್ನು ಹೇಳಿಬಿಡಬೇಕು. ಹಿಂದಿನ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಶೇ. 38, ಜೆಡಿಎಸ್‌ಗೆ ಶೇ. 18ರಷ್ಟು ಮತ ಬಂದಿದ್ದವು. ಲೋಕಸಭೆಗೆ ಎರಡೂ ಪಕ್ಷಗಳು ಕೈಜೋಡಿಸಿದ್ದರಿಂದ ನಾನು ಎರಡನ್ನೂ ಕೂಡಿಸಿ, ಸ್ವಲ್ಪ ಸೋರಿಕೆ ಕಳೆದು, ಮೈತ್ರಿಕೂಟ ಸುಲಭವಾಗಿ ಗೆಲ್ಲುತ್ತದೆ ಎಂದು ವರದಿ ಕೊಟ್ಟೆ. ಮೈತ್ರಿಗೆ ಸಿಕ್ಕಿದ್ದು 28ರಲ್ಲಿ ಎರಡೇ ಸ್ಥಾನ, ಬಿಜೆಪಿಗೆ 25. ವರದಿ ಮಾಡಿಸಿದವರು ಬಾಕಿ ಉಳಿದಿದ್ದ ಸುಮಾರು ಒಂದೂಮುಕ್ಕಾಲು ಲಕ್ಷ ರೂಪಾಯಿಯ ಮಾತನ್ನೇ ಎತ್ತಲಿಲ್ಲ, ನನಗೂ ಕೇಳುವ ಮುಖವಿರಲಿಲ್ಲ. 1984ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿಗೆ 24 ಲೋಕಸಭಾ ಸ್ಥಾನ ಕೊಟ್ಟು, ಮೂರು ತಿಂಗಳೊಳಗೆ ವಿಧಾನಸಭೆಯಲ್ಲಿ ಜನತಾ ಪಕ್ಷವನ್ನು 139 ಸ್ಥಾನಗಳಿಗೆ ಏರಿಸಿದ ರಾಜ್ಯದಲ್ಲಿ ಕುಳಿತು, ತೆನೆಯ ಮತವನ್ನು ಇಡಿಯಾಗಿ ಕೈಗೆ ಒಪ್ಪಿಸಬಹುದು ಎಂದುಕೊಂಡದ್ದು ನನ್ನ ದಡ್ಡತನ.

2023ಕ್ಕೆ ಸ್ವಂತ ಹಣ ಹಾಕಿ, ಎರಡು ವಿಧಾನಸಭಾ ಕ್ಷೇತ್ರಗಳಲ್ಲಿ ಹೊಸದಾಗಿ ಶುರುಮಾಡಿದೆ. ಆಗ ಆದ ತಪ್ಪುಗಳೇ ಹೆಚ್ಚು. "ಸಾಮಾನ್ಯವಾಗಿ ನೀವು ಯಾವ ಪಕ್ಷಕ್ಕೆ ಹತ್ತಿರದವರು?" ಎಂಬ ಪ್ರಶ್ನೆಯನ್ನು ಪಠ್ಯಪುಸ್ತಕದಿಂದ ಎತ್ತಿ ಕನ್ನಡಕ್ಕೆ ಇಳಿಸಿದ್ದೆ. ಅದಕ್ಕೆ ಬಂದ ಉತ್ತರ, "ಎಲ್ಲಾರೂ ನಮ್ಮೋರೇ ಬಿಡಪ್ಪ." ಒಂದು ಫಾರಂಗೆ ನಲವತ್ತು ರೂಪಾಯಿಯಂತೆ ಕೊಡುತ್ತಿದ್ದುದರಿಂದ ಹುಡುಗರು ಒಂದೇ ದಿನಕ್ಕೆ ಮೂವತ್ತು ಫಾರಂ ತರುತ್ತಿದ್ದರು, ಒಂದು ಮಧ್ಯಾಹ್ನ ಹೇಳದೆ ಹೋಗಿ ನೋಡಿದರೆ ಅರಳಿಕಟ್ಟೆಯ ಮೇಲೆ ಕುಳಿತು ಇಬ್ಬರು ಇಡೀ ಊರಿನ ಮನಸ್ಸನ್ನು ಬರೆದು ಮುಗಿಸಿದ್ದರು. ಆ ಆರುನೂರು ಚಿಲ್ಲರೆ ಫಾರಂಗಳನ್ನು ರದ್ದಿಗೆ ಹಾಕಿದೆ. ದಿನಗೂಲಿ ಗೊತ್ತುಮಾಡಿ, ದಿನಕ್ಕೆ ಎಂಟಕ್ಕಿಂತ ಹೆಚ್ಚು ಮಾಡಕೂಡದು ಎಂದು ಕಟ್ಟುಮಾಡಿದ ಮೇಲೆ, ಒಂದು ಸಂದರ್ಶನಕ್ಕೆ 60 ರೂಪಾಯಿ ತಗಲುತ್ತಿದ್ದದ್ದು 130ರ ಆಸುಪಾಸಿಗೆ ಏರಿತು. ಹೀಗೆ ಮಾಡಿದರೆ ಮನೆ ಮಾರಬೇಕಾದೀತು ಎಂದವರಿದ್ದರು. ಮನೆ ಇನ್ನೂ ಇದೆ.

ಅದೇ ಹೊತ್ತಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. 2018ರಲ್ಲೂ 2023ರಲ್ಲೂ ಬಿಜೆಪಿಗೆ ಬಂದ ಮತ ಶೇ. 36ರಷ್ಟೇ, ಸ್ಥಾನ ಮಾತ್ರ 104ರಿಂದ 66ಕ್ಕೆ ಇಳಿಯಿತು. ರಾಜ್ಯದ ಮೊತ್ತ ನೋಡಿದವರಿಗೆ ಮತದಾರ ಅಲುಗಾಡಿಲ್ಲ ಎನ್ನಿಸಬಹುದು. ನಮ್ಮ ಬೂತುಗಳ ನಮೂನೆ 20ನ್ನು, ಅಂದರೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಎಂದು ತೋರಿಸುವ ಅಧಿಕೃತ ಹಾಳೆಯನ್ನು, ಎರಡೂ ವರ್ಷದ್ದು ಪಕ್ಕಪಕ್ಕದಲ್ಲಿ ಹರವಿದಾಗ, ಒಂದು ಊರಲ್ಲಿ ಅರವತ್ತು ಮತ ಏರಿ ಪಕ್ಕದೂರಲ್ಲಿ ಎಪ್ಪತ್ತು ಇಳಿದದ್ದು ಕಾಣಿಸಿತು. ಹೋದವರು ಯಾರು, ಬಂದವರು ಯಾರು ಎಂಬುದನ್ನು ಆ ಹಾಳೆ ಹೇಳುವುದಿಲ್ಲ. ಅದಕ್ಕೆ ಜನರನ್ನೇ ಕೇಳಬೇಕು, ಕೇಳಿದರೆ ಅವರು ಹೇಳುವುದಿಲ್ಲ.

ಆದ್ದರಿಂದ ಪಕ್ಷದ ಪ್ರಶ್ನೆಯನ್ನೇ ಕಿತ್ತುಹಾಕಿ, ಹಿಂದಿನ ನಾಲ್ಕು ಚುನಾವಣೆಗಳನ್ನು ಒಂದೊಂದಾಗಿ ನೆನಪಿಸುವ ದಾರಿ ಹಿಡಿದೆ. ಇಸವಿ ಹೇಳಿದರೆ ಯಾರಿಗೂ ನೆನಪಾಗುವುದಿಲ್ಲ. ಮಗಳ ಮದುವೆಯಾದ ವರ್ಷ, ಬೋರ್‌ವೆಲ್ ಕೊರೆಸಿದ ಬೇಸಿಗೆ ಎಂದು ಮನೆಯ ಘಟನೆಗೆ ಗಂಟುಹಾಕಿದರೆ ನೆನಪು ಬರುತ್ತದೆ. ಪ್ರತಿ ಚುನಾವಣೆಗೂ ಚಿಹ್ನೆಗಳಿರುವ ಒಂದೊಂದು ಚೀಟಿ ಕೊಟ್ಟು, ಗುರುತು ಹಾಕಿ, ಮಡಚಿ, ಡಬ್ಬಿಗೆ ಹಾಕಿ ಎನ್ನುತ್ತಿದ್ದೆವು. ಡಬ್ಬಿಯ ಪದ್ಧತಿ ನನ್ನದಲ್ಲ, ಚುನಾವಣಾ ಸಮೀಕ್ಷೆ ನಡೆಸುವ ಲೋಕನೀತಿಯವರು ಬಹಳ ಕಾಲದಿಂದ ಮಾಡಿಕೊಂಡು ಬಂದದ್ದು. ವಿಧಾನಸಭೆಯದನ್ನೂ ಲೋಕಸಭೆಯದನ್ನೂ ಜೋಡಿಯಾಗಿ ಕೇಳಿದ್ದು ಮಾತ್ರ ನನ್ನ ಸೇರ್ಪಡೆ.

ಡಬ್ಬಿಯೂ ಮೊದಲ ವಾರ ಕೈಕೊಟ್ಟಿತು. ಒಬ್ಬ ಅಜ್ಜಿ ಚೀಟಿಯನ್ನು ನಾಲ್ಕು ಮಡಿಕೆ ಮಡಚಿ ಡಬ್ಬಿಯ ಸೀಳಿಗೆ ಹಿಡಿದವರು, ತಡೆದು, ಡಬ್ಬಿಯನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿ, "ಖಾಲಿ ಐತಲ್ಲೋ ಮಗ, ನಂದೊಂದೇ ಬಿದ್ರೆ ನಂದು ಅಂತ ಗೊತ್ತಾಗಲ್ವಾ?" ಎಂದರು. ಎರಡು ಪದವಿ ಪಡೆದ ನನಗೆ ಹೊಳೆಯದ ಮಾತು ಅದು. ಮಾರನೆಯ ದಿನದಿಂದ ಬೇರೆ ಗುರುತಿನ ಹತ್ತು ಹನ್ನೆರಡು ಚೀಟಿಗಳನ್ನು ಮೊದಲೇ ಹಾಕಿಕೊಂಡು ಹೊರಡುತ್ತಿದ್ದೆವು. ಚೀಟಿ ಹಾಕಲು ಒಲ್ಲೆ ಎನ್ನುವವರು ಐವರಲ್ಲಿ ಒಬ್ಬರಿದ್ದದ್ದು ಹದಿನೈದರಲ್ಲಿ ಒಬ್ಬರಿಗೆ ಇಳಿದರು.

ನೆನಪು ಸುಳ್ಳು ಹೇಳುತ್ತದೆ, ಅದೂ ಗೆದ್ದವರ ಕಡೆಗೆ. 2023ರ ಫಲಿತಾಂಶದ ನಂತರ ಒಂದು ಬೂತಿನಲ್ಲಿ ಕೈಗೆ ಹಾಕಿದೆವು ಎಂದವರ ಪ್ರಮಾಣ, ನಮೂನೆ 20ರಲ್ಲಿ ಅಲ್ಲಿ ಕೈಗೆ ಬಿದ್ದದ್ದಕ್ಕಿಂತ ನೂರಕ್ಕೆ ಒಂಬತ್ತು ಹತ್ತರಷ್ಟು ಹೆಚ್ಚಿತ್ತು. 2019ರ ನೆನಪಿನಲ್ಲಿ ಅದೇ ಉಬ್ಬರ ಕಮಲದ ಕಡೆಗಿತ್ತು. ಬೂತುವಾರು ತಾಳೆನೋಡಿ ಈ ಉಬ್ಬನ್ನು ಇಳಿಸಬೇಕು. ತೀರ್ಮಾನಿಸಿಲ್ಲ ಎಂದವರನ್ನು ಹೇಗೆ ಹಂಚಿದೆ ಎಂಬುದು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ, ಅದಕ್ಕೆ ಐದು ವರ್ಷ ತೆತ್ತಿದ್ದೇನೆ.

ಚೀಟಿಗಳನ್ನು ಮಾತಿನ ಜೊತೆ ಇಟ್ಟು ನೋಡಿದಾಗ ಎದುರಾದದ್ದು ನಾನು ಎಣಿಸಿರದ ಚಿತ್ರ. ತಮ್ಮ ಪಕ್ಷವನ್ನು ಕಾಲು ಗಂಟೆ ಹಿಡಿದು ಬೈದವರಲ್ಲಿ ಹೆಚ್ಚಿನವರು ನಾಲ್ಕೂ ಚೀಟಿಗಳಲ್ಲಿ ಅದೇ ಚಿಹ್ನೆಗೆ ಗುರುತು ಹಾಕಿದ್ದರು. ಮನೆಯ ಮಗನನ್ನು ಬೈಯುವ ಧಾಟಿ ಅದು. ಬಿಟ್ಟುಹೋದವರು ಬೈಯುವುದಿಲ್ಲ, "ಪರವಾಗಿಲ್ಲ, ಮಾಡ್ತಾವ್ರೆ" ಎನ್ನುತ್ತಾರೆ. ಹೀಗಾಗಿ ಅಸಮಾಧಾನದ ಪ್ರಶ್ನೆಯಿಂದ ಪಕ್ಷಾಂತರ ಊಹಿಸುವ ಲೆಕ್ಕವನ್ನು ನಾನು ಪೂರ್ತಿ ಕೈಬಿಟ್ಟೆ.

2024ರ ಏಪ್ರಿಲಿಗೆ ಮೊದಲು ಅದೇ ಊರುಗಳಿಗೆ ಮರಳಿ ಹೋದಾಗ, 2023ರಲ್ಲಿ ಕೈಗೆ ಹಾಕಿದ ಆರು ಜನರಲ್ಲಿ ಒಬ್ಬರು ಈ ಸಲ ಎದುರಿನ ಬಿಜೆಪಿ-ಜೆಡಿಎಸ್ ಮೈತ್ರಿಗೆ ಹಾಕುತ್ತಾರೆ, ತೆನೆಗೆ ಹಾಕಿದ್ದವರಲ್ಲೂ ಐದನೇ ಒಂದು ಭಾಗ ಕಮಲದ ಜೊತೆಗಿನ ಹೊಸ ನೆಂಟಸ್ತಿಕೆಯನ್ನು ಒಪ್ಪದೆ ಕೈಗೆ ಬರುತ್ತಾರೆ ಎಂದು ಬಂತು. ತಿಂಗಳಿಗೆ ಎರಡು ಸಾವಿರ ಪಡೆಯುವ ಹೆಂಗಸರು ಬದಲಾಗುವುದು ಅಸಾಧ್ಯ ಎಂದು ಸಹೋದ್ಯೋಗಿಗಳು ವಾದಿಸಿದರು. ನಮ್ಮ ಹುಡುಗಿಯೊಬ್ಬಳಿಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸು ಹೇಳಿದ್ದು ಬೇರೆ: "ಗೃಹಲಕ್ಷ್ಮಿ ಬೆಂಗಳೂರಿಂದು, ಇದು ಡೆಲ್ಲಿ ಓಟು." ರಾಜ್ಯದಲ್ಲಿ ಬಿಜೆಪಿಗೆ 17, ಜೆಡಿಎಸ್‌ಗೆ 2, ಕಾಂಗ್ರೆಸ್ಸಿಗೆ 9 ಬಂದವು, ನಮ್ಮ ಎರಡು ಕ್ಷೇತ್ರಗಳ ಪೈಕಿ ಒಂದರಲ್ಲಿ ನನ್ನ ಲೆಕ್ಕ ಶೇ. 2ರಷ್ಟು, ಇನ್ನೊಂದರಲ್ಲಿ ಶೇ. 3ಕ್ಕೆ ತುಸು ಕಡಿಮೆ ತಪ್ಪಿತ್ತು. ಒಟ್ಟು ಖರ್ಚು ಎರಡೂವರೆ ಲಕ್ಷ ದಾಟಿರಲಿಲ್ಲ.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಅರ್ಧದಷ್ಟು ಜನರಿಗೆ ಬರೀ ಚಿಹ್ನೆಯ ಚೀಟಿ, ಉಳಿದವರಿಗೆ ಮತಯಂತ್ರದಲ್ಲಿರುವಂತೆ ಅಭ್ಯರ್ಥಿಯ ಹೆಸರು, ಫೋಟೋ ಸಮೇತ ಚೀಟಿ. ವಿಧಾನಸಭೆಯ ಚೀಟಿಯಲ್ಲಿ ಫೋಟೋ ಬಂದ ಕೂಡಲೇ ಒಬ್ಬ ಹಳೆಯ ಶಾಸಕರಿಗೆ ನೂರಕ್ಕೆ ಎಂಟು ಮತ ಹೆಚ್ಚಿದವು. ಆ ಎಂಟು ಅವರ ಸ್ವಂತದ್ದು, ಪಕ್ಷ ಬದಲಿಸಿದರೂ ಜೊತೆಗೆ ಹೋಗುವಂಥದ್ದು ಎಂಬುದು ನನ್ನ ಅಂದಾಜು. ಲೋಕಸಭೆಯ ಚೀಟಿಯಲ್ಲಿ ಫೋಟೋ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಗ್ರಾಮ ಪಂಚಾಯಿತಿಗೆ ಇದನ್ನೇ ಹೊಂದಿಸಲು ಹೋಗಿ ಸದ್ಯಕ್ಕೆ ಸೋತಿದ್ದೇನೆ. ಅಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲವಾದ್ದರಿಂದ ಬರೀ ಹೆಸರುಗಳ ಚೀಟಿ ಮಾಡಿಸಿದ್ದೆ. ನಾಲ್ಕು ಊರುಗಳಲ್ಲಿ ತಿರುಗಿ, ಡಬ್ಬಿ ತೆರೆದಾಗ ಅರ್ಧಕ್ಕರ್ಧ ಚೀಟಿಗಳು ಖಾಲಿ. ಎರಡು ಚೀಟಿಗಳಲ್ಲಿ ಎಲ್ಲ ಹೆಸರುಗಳ ಮುಂದೆಯೂ ಗುರುತಿತ್ತು.