ಮೊಂತಿ ಹಬ್ಬಕ್ಕೆ ನಮ್ಮ ಗದ್ದೆಯದೇ ತೆನೆ

"ಸೆಪ್ಟೆಂಬರ್ 8ಕ್ಕೇ ತೆನೆ ಬೇಕಾ? ಭತ್ತ ನಿನ್ನ ಕ್ಯಾಲೆಂಡರ್ ನೋಡಿ ಬರುವುದಿಲ್ಲ ಮಾರಾಯ" ಅಂತ ನಮ್ಮ ವಾಡೆಯ ಗುರ್ಕಾರರು, ಅಂದರೆ ಇಗರ್ಜಿಯ (ಚರ್ಚಿನ) ವಾರ್ಡಿನ ಮುಖ್ಯಸ್ಥರು, ನಕ್ಕಿದ್ದರು. ಎರಡು ವರ್ಷ ಅವರ ಮಾತೇ ನಿಜವಾಯಿತು. ಮೂರನೇ ವರ್ಷ ಸುಳ್ಳಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಸೆಪ್ಟೆಂಬರ್ 8 ಅಂದರೆ ಮರಿಯಮ್ಮನವರ ಹುಟ್ಟಿದ ದಿನದ ಮೊಂತಿ ಹಬ್ಬ, ನಮ್ಮ ಕೊಂಕಣಿ ಕ್ರೈಸ್ತರ ತೆನೆ ಹಬ್ಬ. ಅದಕ್ಕೆ ನಮ್ಮ ಗದ್ದೆಯ ತೆನೆಯೇ ಬೇಕು ಅಂತ ಹೊರಟಿದ್ದೆ.

ನಮ್ಮ ಇಗರ್ಜಿಗೆ ಸೇರಿದ್ದು ಸುಮಾರು 400 ಮನೆ. ಒಂದು ಕಾಲದಲ್ಲಿ ಸುತ್ತಲೂ ಬರೀ ಗದ್ದೆ, ಈಗ ಅಡಿಕೆ ತೋಟ, ಸೈಟು. ಹಾಗಾಗಿ ಹಬ್ಬದ ತೆನೆಯನ್ನು ಬೇರೆ ಊರಿಂದ ಕೊಂಡು ತರುತ್ತಿದ್ದೆವು. ಆರೇಳು ಸಾವಿರ ಆಗುತ್ತಿತ್ತು. ಒಂದು ವರ್ಷ ಬಂದ ಕಟ್ಟು ಪೂರ್ತಿ ಹಸಿರು, ಕಾಳು ಒತ್ತಿದರೆ ಹಾಲು. ಹೊಸ ಬೆಳೆಗೆ ದೇವರಿಗೆ ಥ್ಯಾಂಕ್ಸ್ ಹೇಳುವ ಹಬ್ಬಕ್ಕೆ ಬೆಳೆಯನ್ನೇ ದುಡ್ಡು ಕೊಟ್ಟು ತರಿಸುವುದು ನನಗೆ ಯಾಕೋ ಸರಿ ಕಾಣಲಿಲ್ಲ. ಈ ಹಬ್ಬಕ್ಕೆ ಹೆಸರು ಕೊಟ್ಟ ಮೊಂತೆ ಮಾರಿಯಾನೊ ಇಗರ್ಜಿ ಇರುವ ಫರಂಗಿಪೇಟೆ ನಮಗೇನು ದೂರವೂ ಅಲ್ಲ.

ಜಾಗ ಐದು ಸೆಂಟ್ಸ್, ನಮ್ಮದೇ. ಐದೇ ಸೆಂಟ್ಸಾ ಅಂತ ನಗಬೇಡಿ. ಮನೆಗೆ ಐದು ತೆನೆ ಅಂದರೂ ಎರಡು ಸಾವಿರ ತೆನೆ. ಒಂದು ಬುಡಕ್ಕೆ ಎಂಟ್ಹತ್ತು ತೆನೆ ಹಿಡಿದರೆ ಎರಡು ಸೆಂಟ್ಸೇ ಧಾರಾಳ. ಉಳಿದದ್ದು ಹಕ್ಕಿ, ಇಲಿ ಮತ್ತು ನನ್ನ ದಡ್ಡತನದ ಪಾಲು.

ಮೊದಲ ವರ್ಷ ಎಲ್ಲರ ಹಾಗೆ ಏಣೆಲಿಗೆ, ಅಂದರೆ ಮಳೆಗಾಲದ ಬೆಳೆಗೆ, ಜೂನ್ ಮಧ್ಯದಲ್ಲಿ ಜ್ಯೋತಿ ತಳಿಯ ಭತ್ತ ಬಿತ್ತಿದೆ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ನೊವೆನಾ, ಶುರುವಾದ ಆಗಸ್ಟ್ 30ರಂದು ನೋಡಿದರೆ ಪೈರು ಇನ್ನೂ ಬಸಿರು. ಹಬ್ಬದ ದಿನ ಅಲ್ಲೊಂದು ಇಲ್ಲೊಂದು ತೆನೆ ಇಣುಕಿತು, ಅಷ್ಟೆ. ಖರ್ಚು ಒಂಬತ್ತು ಸಾವಿರದ ಹತ್ತಿರ, ಮೇಲಿಂದ ತೆನೆಯನ್ನೂ ಕೊಂಡು ತಂದದ್ದು. ಹೆಂಡತಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ.

ಎರಡನೇ ವರ್ಷ ಬುದ್ಧಿ ಸ್ವಲ್ಪ ಜಾಸ್ತಿ ಓಡಿಸಿದೆ. ಮೇ 1ಕ್ಕೇ ಬೀಜ ಹಾಕಿದೆ. ಜುಲೈ ಕೊನೆಗೆ ತೆನೆ ಬಂತು, ಜೊತೆಗೆ ಮಳೆಯೂ ಬಂತು. ಹೂವು ತೊಳೆದುಹೋಗಿ ಅರ್ಧಕ್ಕರ್ಧ ಜಳ್ಳು. ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ಇಡೀ ಊರಿಗೆ ನನ್ನದೊಂದೇ ಗದ್ದೆಯಲ್ಲಿ ಕಾಳು ಇದ್ದರೆ ಊರಿನ ಗಿಳಿ, ನವಿಲು, ರಾಟವಾಳ ಎಲ್ಲ ಎಲ್ಲಿಗೆ ಹೋಗಬೇಕು? ಉಳಿದ ಪೈರು ಗಾಳಿಗೆ ಮಲಗಿ ಕೆಸರಲ್ಲಿ ತೆನೆ ಮೊಳಕೆ ಒಡೆಯಿತು. ಅದರಲ್ಲೇ ಆರಿಸಿ ಒಂದು ಹಿಡಿ ತಂದು ಆಲ್ತಾರಿನ ಮುಂದೆ ಇಟ್ಟೆ. ಫಾದರ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಇದು ಆಶೀರ್ವಾದಕ್ಕೂ ಕಾಯಲಿಲ್ಲವಲ್ಲ" ಅಂದರು. ಗುರ್ಕಾರರು ನಕ್ಕ ನಗೆ ಇವತ್ತಿಗೂ ಕಿವಿಯಲ್ಲಿದೆ.

ಮೂರನೇ ವರ್ಷ ಸುಮ್ನೆ ಕೂತು ದಿನ ಎಣಿಸಿದೆ. ನಮ್ಮಲ್ಲಿ ಜ್ಯೋತಿಗೆ ಬಿತ್ತಿದ 85-90 ದಿನಕ್ಕೆ ತೆನೆ. ಅಲ್ಲಿಂದ ನಾಲ್ಕು ವಾರಕ್ಕೆ ಕಾಳು ಗಟ್ಟಿ, ಬಣ್ಣ ಅರ್ಧ ಹಳದಿ ಅರ್ಧ ಹಸಿರು. ಹಬ್ಬಕ್ಕೆ ಬೇಕಾದದ್ದು ಅದೇ. ಪೂರ್ತಿ ಹಣ್ಣಾದರೆ ಮೆರವಣಿಗೆಯಲ್ಲೇ ಉದುರುತ್ತದೆ. ಹಿಂದಕ್ಕೆ ಎಣಿಸಿದರೆ ಮೇ 14ರ ಆಸುಪಾಸು. ಒಂದೇ ದಿನವನ್ನು ನಂಬದೆ ಮೂರು ಕಂತು ಮಾಡಿದೆ: ಮೇ 10, 16, 22. ಮೇಯಲ್ಲಿ ಬಾವಿ ತಳ ಕಂಡಿರುತ್ತದೆ, ಅದಕ್ಕೇ ಅಗೆ ಹಾಕಿದ್ದು ಬಚ್ಚಲಿನ ಹಿಂದೆ, ಸ್ನಾನದ ನೀರಿಗೆ. ಮಳೆ ಹಿಡಿದ ಮೇಲೆ ನೇಜಿ (ಭತ್ತದ ಸಸಿ) ಕಿತ್ತು ನೆಟ್ಟದ್ದು. ಎರಡನೇ ಸಲ ಯೂರಿಯಾ ಕೊಡಲೇ ಇಲ್ಲ. ನಮಗೆ ಮೂಟೆ ಬೇಡ, ನಿಂತ ಪೈರು ಬೇಕು, ಅಲ್ವಾ? ಹಕ್ಕಿ ತಡೆಯುವ ಬಲೆಗೆ ಎರಡೂವರೆ ಸಾವಿರ, ಅದು ಮುಂದೆ ನಾಲ್ಕು ವರ್ಷ ಬರುತ್ತದೆ. ಟಿಲ್ಲರು, ನೇಜಿ ನೆಡುವವರ ಸಂಬಳ ಎಲ್ಲ ಸೇರಿ ಐದು ಸಾವಿರ ಚಿಲ್ಲರೆ. ಕೊನೆಯ ಹತ್ತು ದಿನ ಗದ್ದೆಯ ನೀರನ್ನು ಏನು ಮಾಡುತ್ತೇನೆ ಅನ್ನುವುದು ಮಾತ್ರ ಹೇಳುವುದಿಲ್ಲ. ಪಕ್ಕದ ಇಗರ್ಜಿಯವರು ಕೇಳಿದಾಗಲೂ ಹೇಳಿಲ್ಲ.

ನಡುವೆ ಒಂದು ಹುಚ್ಚೂ ಮಾಡಿದೆ. ಪೇಂಟಿನ 20 ಲೀಟರ್ ಬಕೆಟು ಹನ್ನೆರಡು ತಂದು ಇಗರ್ಜಿಯ ಮೆಟ್ಟಿಲ ಬದಿಗೆ ಸಾಲಾಗಿ ಇಟ್ಟು ನೇಜಿ ನೆಟ್ಟೆ. ತೆನೆ ಸಣ್ಣದು, ಲೆಕ್ಕಕ್ಕಿಲ್ಲ. ಆದರೆ ನೊವೆನಾಕ್ಕೆ ಹೂ ತರುವ ಮಕ್ಕಳು ದಿನಾ ಬಗ್ಗಿ ನೋಡುತ್ತಿದ್ದವು. ಅನ್ನ ಇದರೊಳಗೆ ಇರುತ್ತದಾ ಅಂತ ಒಬ್ಬಳು ಕೇಳಿದಳು. ಹಬ್ಬಕ್ಕೆ ಹಂಚುವ ಕಬ್ಬನ್ನೂ ನಾನೇ ಬೆಳೆಯುತ್ತೇನೆ ಅಂತ ಹೊರಟದ್ದು ಬೇರೆ ಕಥೆ. ಒಂದೇ ರಾತ್ರಿಗೆ ಕಾಡುಹಂದಿ ಹಬ್ಬ ಮಾಡಿ ಹೋಯಿತು. ಕಬ್ಬು ಈಗಲೂ ಮಾರ್ಕೆಟಿಂದಲೇ.

ಮೂರು ಕಂತಿನಲ್ಲಿ ಮೊದಲನೆಯದು ಸ್ವಲ್ಪ ಹೆಚ್ಚೇ ಹಣ್ಣಾಯಿತು, ಕೊನೆಯದು ಎಳತು. ನಡುವಿನದು ಹೇಳಿ ಮಾಡಿಸಿದ ಹಾಗೆ. ಸೆಪ್ಟೆಂಬರ್ 7ರ ಬೆಳಿಗ್ಗೆ ಆರು ಜನ ಸೇರಿ ಕೊಯ್ದೆವು. ಬಾಳೆನಾರಲ್ಲಿ ಐದೈದರ ಕಟ್ಟು ಕಟ್ಟಿದೆವು. ಎಲ್ಲರಿಗೂ ಹಂಚಿ ನಲವತ್ತು ಕಟ್ಟು ಉಳಿಯಿತು. ಪಕ್ಕದ ಮನೆಯವರು ಮನೆಯಲ್ಲಿ ಕದಿರು (ತೆನೆ) ಕಟ್ಟಲು, ಪುದ್ದರಿಗೆ (ಹೊಸ ಅಕ್ಕಿಯ ಊಟಕ್ಕೆ) ಅಂತ ಕೇಳಿ ಕೆಲವು ಒಯ್ದರು. ಅವರ ತೋಟದಲ್ಲೂ ಈಗ ಗದ್ದೆ ಇಲ್ಲ.

ಹಬ್ಬದ ದಿನ ಮಧ್ಯಾಹ್ನ ಮನೆಯಲ್ಲಿ ಅಮ್ಮ ಆಶೀರ್ವಾದದ ತೆನೆಯಿಂದ ಕಾಳು ಬಿಡಿಸಿ, ಒಂದೊಂದನ್ನೇ ಉಗುರಲ್ಲಿ ಸುಲಿದರು. ಸಿಪ್ಪೆ ಬಿಟ್ಟಾಗ ಒಳಗೆ ಕೆಂಪು ಅಕ್ಕಿ. ಅದನ್ನು ಜಜ್ಜಿ ತೆಂಗಿನ ಹಾಲಿನ ಪಾಯಸಕ್ಕೆ ಹಾಕಿದರು. ಬಾಳೆಲೆ, ಏಳು ಬಗೆ ತರಕಾರಿ ಪಲ್ಯ, ಮೀನಿಲ್ಲ.

ಸಂಜೆ ಗುರ್ಕಾರರು ಮನೆಗೆ ಬಂದರು. ಪಾಯಸ ಕುಡಿದು ಲೋಟ ಕೆಳಗಿಟ್ಟು "ದೇವ್ ಬರೆಂ ಕರುಂ" ಅಂದರು. ನಮ್ಮ ಕೊಂಕಣಿಯಲ್ಲಿ ಥ್ಯಾಂಕ್ಸ್‌ಗೆ ಇರುವ ಮಾತೇ ಅದು, ದೇವರು ಒಳ್ಳೆಯದು ಮಾಡಲಿ ಅಂತ. ಆಮೇಲೆ ಮೆಲ್ಲ ಕೇಳಿದರು: "ನಡುವಿನ ಕಂತಿನ ಬೀಜ ಸ್ವಲ್ಪ ಎತ್ತಿಟ್ಟಿದ್ದೀಯಾ?"

ಎರಡು ಸೇರು ಇದೆ. ಕೊಡುತ್ತೇನೆ. ನೀರಿನ ವಿಷಯ ಮಾತ್ರ ಅವರಿಗೂ ಹೇಳಿಲ್ಲ.